ಮನೆಯಲ್ಲೇ ಆರೈಕೆ, ಮಾತು ಯಾರದು?

ಕೇಳುಗರಿಗೆ ನಮಸ್ಕಾರ.

ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದರೆ, ಇಲ್ಲವೇ ಓಡಾಡಲು ಆಗದ ಮಗನೋ ಅಕ್ಕನೋ ಇದ್ದರೆ, ಯಾರಾದರೂ ನೋಡಲು ಬಂದಾಗ ಸ್ವಲ್ಪ ಗಮನಿಸಿ. ಮಂಚದ ಮೇಲೆ ಇರುವವರನ್ನು ಬಿಟ್ಟು, ಪಕ್ಕದಲ್ಲಿ ನಿಂತವರನ್ನು ಕೇಳುತ್ತಾರೆ, "ಊಟ ಮಾಡ್ತಾರಾ? ನಿದ್ದೆ ಬರುತ್ತಾ?" ಅಂತ. ಬ್ಯಾಂಕಿನವರೂ ಹಾಗೇ, ನೆಂಟರೂ ಹಾಗೇ. ನಾನು ಇವತ್ತು ಹೇಳಬೇಕೆಂದಿರುವುದು ಒಂದೇ ಮಾತು. ಇನ್ನೊಬ್ಬರ ಕೈಯಿಂದ ಊಟ, ಸ್ನಾನ, ಔಷಧಿ ಆಗುತ್ತಿದೆ ಎಂದ ಮಾತ್ರಕ್ಕೆ ನಿಮ್ಮ ದುಡ್ಡು, ನಿಮ್ಮ ಆಸ್ತಿ, ನಿಮ್ಮ ತೀರ್ಮಾನ ಅವರ ಕೈಗೆ ಹೋಗುವುದಿಲ್ಲ.

ನಮ್ಮ ದೇಶದಲ್ಲಿ ಇದಕ್ಕೆ ಮುಖ್ಯವಾಗಿ ಎರಡು ಕಾಯ್ದೆಗಳಿವೆ. ಒಂದು 2007ರದ್ದು, ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆಗೆ ಸಂಬಂಧಿಸಿದ್ದು. ಇನ್ನೊಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಎರಡನೆಯದು ನಮಗಲ್ಲ ಎಂದು ಬಹಳ ಹಿರಿಯರು ಸುಮ್ನೆ ಬಿಟ್ಟುಬಿಡುತ್ತಾರೆ. ಆದರೆ ಅದರ ಪಟ್ಟಿಯಲ್ಲಿರುವ 21 ಬಗೆಯ ವೈಕಲ್ಯಗಳಲ್ಲಿ ಪಾರ್ಕಿನ್ಸನ್ ಕಾಯಿಲೆ ಇದೆ, ಮಂದದೃಷ್ಟಿ ಇದೆ, ಕಿವಿ ಕೇಳದಿರುವುದು, ಕೈಕಾಲಿನ ಚಲನೆ ಕುಂದುವುದು ಎಲ್ಲ ಇವೆ. ವಯಸ್ಸಾದ ಮೇಲೆ ಬರುವುದೂ ಇವೇ ಅಲ್ವಾ?

2016ರ ಕಾಯ್ದೆಯ 13ನೇ ಸೆಕ್ಷನ್ ನನಗೆ ತುಂಬ ಮುಖ್ಯ ಅನಿಸುತ್ತದೆ. ಅಂಗವಿಕಲರು ಆಸ್ತಿ ಹೊಂದಬಹುದು, ತಮ್ಮ ಹಣಕಾಸನ್ನು ತಾವೇ ನೋಡಿಕೊಳ್ಳಬಹುದು ಎನ್ನುತ್ತದೆ ಅದು. ಬೆಂಬಲಕ್ಕೆ ಯಾರನ್ನಾದರೂ ಇಟ್ಟುಕೊಂಡಿದ್ದರೆ ಆ ಏರ್ಪಾಡನ್ನು ಬದಲಾಯಿಸಬಹುದು, ಬೇಡವೆಂದರೆ ಕೈಬಿಡಲೂಬಹುದು. ಯಾವುದಾದರೂ ಹಣದ ವ್ಯವಹಾರದಲ್ಲಿ ನೋಡಿಕೊಳ್ಳುವವರ ಸ್ವಂತ ಲಾಭ ಅಡ್ಡ ಬಂದರೆ, ಆ ವ್ಯವಹಾರದಲ್ಲಿ ಅವರು ಬೆಂಬಲಿಗರಾಗಿ ನಿಲ್ಲುವಂತಿಲ್ಲ. ಅಮ್ಮನ ಪಿಂಚಣಿ ಪಾಸ್‌ಬುಕ್ಕೂ ಎಟಿಎಂ ಕಾರ್ಡೂ ತಮ್ಮ ಬೀರುವಿನಲ್ಲಿಟ್ಟುಕೊಂಡು, "ಅವಳಿಗೆ ಯಾಕೆ ಆ ತಲೆನೋವು" ಎನ್ನುವವರು ಇದನ್ನು ಒಮ್ಮೆ ಓದಬೇಕು. ಎಲ್ಲಿ ಇರಬೇಕು ಎನ್ನುವುದೂ ಹಾಗೇ. ಇಂಥ ಕಡೆಯೇ ಇರಬೇಕು ಎಂದು ಅಂಗವಿಕಲರನ್ನು ಯಾರೂ ಕಟ್ಟಿಹಾಕುವಂತಿಲ್ಲ, ಅದು 5ನೇ ಸೆಕ್ಷನ್.

ಈಗ ಇನ್ನೊಂದು ವಿಷಯ, ಇದನ್ನು ತಪ್ಪು ಅಂತಲೇ ಜನ ತಿಳಿದಿರುವುದಿಲ್ಲ. ಬಿದ್ದುಬಿಡುತ್ತಾರೆ ಎಂದು ವಾಕರ್ ಎತ್ತಿ ಅಟ್ಟಕ್ಕೆ ಹಾಕುವುದು, ರೇಗಿದಾಗ ಕಿವಿಯ ಮಿಷನ್ ಕಿತ್ತಿಡುವುದು, ಹಾಸಿಗೆ ಒದ್ದೆ ಮಾಡುತ್ತಾರೆ ಎಂದು ಸಂಜೆ ಮೇಲೆ ನೀರೇ ಕೊಡದಿರುವುದು. ತಮ್ಮ ಹೊಣೆಯಲ್ಲಿರುವ ಅಂಗವಿಕಲರಿಗೆ ಬೇಕೆಂದೇ ಅನ್ನ ನೀರು ನಿಲ್ಲಿಸಿದರೆ, ಅವರು ಬಳಸುವ ಸಾಧನವನ್ನು ಬೇಕೆಂದೇ ಹಾಳುಮಾಡಿದರೆ ಅಥವಾ ಬಳಸಲು ಅಡ್ಡಿ ಮಾಡಿದರೆ, 92ನೇ ಸೆಕ್ಷನ್ ಪ್ರಕಾರ 6 ತಿಂಗಳಿನಿಂದ 5 ವರ್ಷದವರೆಗೆ ಜೈಲು, ಜೊತೆಗೆ ದಂಡ. ರಾತ್ರಿಯಿಡೀ ಎದ್ದು ನೋಡಿಕೊಳ್ಳುವವರ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. ಅವರಿಗೂ ಬಿಡುವು ಬೇಕು, ಸಹಾಯ ಬೇಕು. ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆ ಕೊಡುವ ಮಾತೂ ಇದೇ ಕಾಯ್ದೆಯಲ್ಲಿದೆ. ಅದನ್ನು ಕೇಳಿ ಪಡೆಯುವವರು ಕಡಿಮೆ ಅಷ್ಟೇ.

ಇನ್ನು ದಾನಪತ್ರ. "ನಿಮ್ಮನ್ನು ಕೊನೆಯವರೆಗೂ ನೋಡ್ಕೋತೀವಿ" ಎಂಬ ಬಾಯಿಮಾತು ನಂಬಿ ಮನೆ ಬರೆದುಕೊಡುತ್ತಾರೆ, ರಿಜಿಸ್ಟ್ರಿ ಆದಮೇಲೆ ಹಿಂದಿನ ರೂಮಿಗೆ ಹಾಸಿಗೆ ಹೋಗುತ್ತದೆ. 2007ರ ಕಾಯ್ದೆಯ 23ನೇ ಸೆಕ್ಷನ್ ಇಂಥ ಪತ್ರವನ್ನು ರದ್ದು ಮಾಡಿಸಲು ದಾರಿ ಕೊಡುತ್ತದೆ. ಆದರೆ ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟಿರಬೇಕು. ಷರತ್ತು ಇರಲೇಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. 2025ರಲ್ಲಿ ಬಂದ ಇನ್ನೊಂದು ತೀರ್ಪು, ಈ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಎಂದಿತು. ವಾದ ಹೇಗೇ ಹೋಗಲಿ, ಊಟ, ಔಷಧಿ, ಆರೈಕೆ ಕೊಡಬೇಕು ಎಂಬ ಸಾಲನ್ನು ಪತ್ರದಲ್ಲೇ ಬರೆಸಿ. ಬರೆಸಲು ಮುಜುಗರ ಅನಿಸಿದರೆ ಪತ್ರವನ್ನೇ ಮುಂದಕ್ಕೆ ಹಾಕಿ.

ಪತ್ರ ರದ್ದು ಮಾಡಿಸಲಿಕ್ಕಾಗಲಿ, ಜೀವನಾಂಶ ಅಂದರೆ ತಿಂಗಳ ಖರ್ಚಿನ ಹಣ ಕೇಳಲಿಕ್ಕಾಗಲಿ, 2007ರ ಕಾಯ್ದೆಯಡಿ ಅರ್ಜಿ ಕೊಡುವುದು ಉಪವಿಭಾಗಾಧಿಕಾರಿಗೆ, ಅಂದರೆ ಎ.ಸಿ. ಕಚೇರಿಯಲ್ಲಿ. ಕರ್ನಾಟಕದಲ್ಲಿ ಇಂಥ ಅರ್ಜಿ ವಿಚಾರಿಸುವ ನ್ಯಾಯಮಂಡಳಿ ನಡೆಸುವವರು ಅವರೇ. ವಕೀಲರು ಬೇಕೇ ಬೇಕು ಅಂತಿಲ್ಲ. ಎದ್ದು ಹೋಗಲು ಆಗದಿದ್ದರೆ ನೀವು ಒಪ್ಪಿ ಕಳಿಸಿದವರು ಅಥವಾ ಒಂದು ಸಂಸ್ಥೆ ನಿಮ್ಮ ಪರವಾಗಿ ಕೊಡಬಹುದು. ನೋಟಿಸ್ ತಲುಪಿದ 90 ದಿನದೊಳಗೆ ಜೀವನಾಂಶದ ಅರ್ಜಿ ತೀರ್ಮಾನವಾಗಬೇಕು, ತೀರಾ ಅಗತ್ಯವಿದ್ದರೆ ಇನ್ನು 30 ದಿನ. ತಿಂಗಳಿಗೆ ಹೆಚ್ಚೆಂದರೆ 10,000 ರೂಪಾಯಿ ಎಂಬ ಮಿತಿ 2007ರ ಲೆಕ್ಕದ್ದು, ಹಗಲು ರಾತ್ರಿ ಆಯಾ ಇಡಬೇಕಾದ ಮನೆಗೆ ಅದು ಯಾವ ಮೂಲೆಗೆ?

ಹಿರಿಯರ ಸಹಾಯವಾಣಿ 14567. ಅಂಗವಿಕಲರಿಗೂ ಹೆಂಗಸರಿಗೂ ವರಮಾನ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ, ಅದಕ್ಕೆ 15100. ಫೋನನ್ನು ಮಂಚದ ಹತ್ತಿರ, ಅವರ ಕೈಗೆ ಸಿಗುವ ಹಾಗೆ ಇಡಿ. ನೀವು ಅವರ ಮಗನೇ ಆಗಿರಿ ಮಗಳೇ ಆಗಿರಿ, ಯಾರಿಗೆ ಫೋನ್ ಮಾಡಿದಿರಿ ಎಂದು ಕೇಳಲು ಹೋಗಬೇಡಿ.

ನಮಸ್ಕಾರ.