ಬಸ್ ಇಳಿದರೆ ಬೆಟ್ಟ: ವ್ಯಾಂಕೂವರ್ ಸುತ್ತಮುತ್ತ

ಕೇಳುಗರೆಲ್ಲರಿಗೂ ನಮಸ್ಕಾರ.

ಕೆನಡಾದ ಪಶ್ಚಿಮ ಕರಾವಳಿಯಲ್ಲಿರುವ ವ್ಯಾಂಕೂವರ್ ನಗರದಲ್ಲಿ ಬೆಟ್ಟಗಳಿಗಾಗಿಯೇ ಒಂದು ಕಟ್ಟಡ ನಿಯಮ ಇದೆ. ಊರೊಳಗಿನ ಕೆಲವು ಗೊತ್ತುಮಾಡಿದ ಜಾಗಗಳಲ್ಲಿ ನಿಂತು ನೋಡಿದರೆ ಬೆಟ್ಟದ ಸಾಲು ಕಾಣಿಸಬೇಕು. ಅದಕ್ಕೆ ಅಡ್ಡವಾಗಿ ಎತ್ತರದ ಕಟ್ಟಡ ಏಳುವಂತಿಲ್ಲ. 1989ರಲ್ಲಿ ನಗರಸಭೆ ಈ ನಿಯಮ ತಂದಿತು. ಆಮೇಲೆ ಅಲ್ಲಲ್ಲಿ ಸಡಿಲವಾಗಿದೆ. ಜಾಗಕ್ಕೆ ಅಷ್ಟೊಂದು ಬೆಲೆ ಇರುವ ಊರಲ್ಲಿ ಜಗಳ ಇಲ್ಲದೆ ಇರುತ್ತದೆಯೇ? ಆದರೂ ನಿಯಮ ಉಳಿದುಕೊಂಡಿದೆ. ಅಂಗಡಿ ಸಾಲಿನ ನಡುವೆ ತಲೆ ಎತ್ತಿದರೆ ಹಿಮ ಹೊತ್ತ ಶಿಖರ ಕಾಣುತ್ತದೆ.

ಈಗ ನಮ್ಮ ಕಡೆಯಿಂದ ತುಂಬಾ ಜನ ಮಗನ ಮನೆಗೋ ಮಗಳ ಮನೆಗೋ ಅಂತ ಅಲ್ಲಿಗೆ ಹೋಗಿಬರುತ್ತಾರೆ. ಮಕ್ಕಳು ವಾರವಿಡೀ ಕೆಲಸಕ್ಕೆ ಹೋಗುತ್ತಾರೆ. ಅಪ್ಪ ಅಮ್ಮ ಮನೆಯಲ್ಲಿ ಕೂತು ಕಿಟಕಿಯಿಂದ ಅದೇ ಬೆಟ್ಟ ನೋಡುತ್ತಿರುತ್ತಾರೆ. ಅಂಥವರನ್ನೂ, ಬೆಟ್ಟ ಹತ್ತುವ ಆಸೆಯಿರುವ ಹುಡುಗರನ್ನೂ ಮನಸ್ಸಲ್ಲಿಟ್ಟುಕೊಂಡು ಇವತ್ತು ಮಾತಾಡುತ್ತೇನೆ.

ಈ ಊರಿನ ದೊಡ್ಡ ಅನುಕೂಲ ಅಂದರೆ ಎಲ್ಲವೂ ಹತ್ತಿರ. ಅಪಾಯ ಇರುವುದೂ ಅಲ್ಲೇ. ಸಿಟಿ ಬಸ್ಸಿನ ಕೊನೆಯ ಸ್ಟಾಪಿನಲ್ಲಿ ಇಳಿದು ಸ್ವಲ್ಪ ನಡೆದರೆ ಕರಡಿ ಓಡಾಡುವ ಕಾಡು. ಬಸ್ಸಲ್ಲಿ ಬಂದ ಜಾಗ ಅಲ್ವಾ, ಏನೋ ಪಾರ್ಕ್ ಇರಬೇಕು ಅಂದುಕೊಂಡು ಜನ ಚಪ್ಪಲಿಯಲ್ಲೇ ಹೊರಟುಬಿಡುತ್ತಾರೆ.

ಮೊದಲು ನಿಜವಾಗಿಯೂ ಪಾರ್ಕ್ ಆಗಿರುವ ಜಾಗದಿಂದ ಶುರು ಮಾಡೋಣ. ಸ್ಟ್ಯಾನ್ಲಿ ಪಾರ್ಕ್ ನಗರದ ಮಗ್ಗುಲಲ್ಲೇ ಇದೆ. 1888ರಲ್ಲಿ ಜನರಿಗೆ ತೆರೆದದ್ದು, ಸುಮಾರು 400 ಹೆಕ್ಟೇರ್. ಅದಕ್ಕೂ ಬಹಳ ಹಿಂದಿನಿಂದ ಅಲ್ಲಿ ಮಸ್ಕ್ವಿಯಂ, ಸ್ಕ್ವಾಮಿಶ್, ಸ್ಲೇವಾಟೂತ್ ಎಂಬ ಮೂಲನಿವಾಸಿ ಜನರ ನೆಲೆಗಳಿದ್ದವು. ಮೂರು ಕಡೆ ನೀರು, ಒಳಗೆ ಸೀಡರ್ ಮತ್ತು ಫರ್ ಮರಗಳ ದಟ್ಟ ಕಾಡು. ನೀರಿನ ಅಂಚಿಗೆ ಪಾರ್ಕನ್ನು ಸುತ್ತುವ ಕಲ್ಲಿನ ತಡೆಗೋಡೆ, ಅದರ ಮೇಲೆ ಹತ್ತು ಕಿಲೋಮೀಟರ್ ಹತ್ತಿರ ನಡೆಯುವ ದಾರಿ. ಇದನ್ನು ಸೀವಾಲ್ ಅನ್ನುತ್ತಾರೆ.

ಈ ಗೋಡೆ ಕಟ್ಟಿದ್ದು ಅಲೆ ಬಡಿದು ದಡ ಕೊರೆಯದಿರಲಿ ಅಂತ. ಕೆಲಸ 1917ರಲ್ಲಿ ಶುರುವಾಯಿತು. ಪಾರ್ಕಿನ ಸುತ್ತು ಪೂರ್ತಿ ಮುಗಿದದ್ದು 1980ರಲ್ಲಿ. ಜೇಮ್ಸ್ ಕನ್ನಿಂಗ್‌ಹ್ಯಾಮ್ ಅಂತ ಒಬ್ಬ ಕಲ್ಲುಕೆಲಸದ ಮೇಸ್ತ್ರಿ ತನ್ನ ಬದುಕಿನ ದೊಡ್ಡ ಭಾಗವನ್ನೇ ಈ ಗೋಡೆಗೆ ಕೊಟ್ಟ. 1963ರಲ್ಲಿ ತೀರಿಕೊಂಡ, ಸುತ್ತು ಪೂರ್ತಿಯಾದದ್ದನ್ನು ನೋಡಲಿಲ್ಲ. ಸಿವಾಶ್ ರಾಕ್ ಅಂತ ನೀರಲ್ಲಿ ಒಂಟಿಯಾಗಿ ನಿಂತ ಬಂಡೆ ಇದೆ, ತಲೆಯ ಮೇಲೆ ಗಿಡ ಹೊತ್ತುಕೊಂಡು. ಅದರ ಹತ್ತಿರ ಅವನ ಹೆಸರಿನ ಫಲಕ ಹಾಕಿದ್ದಾರೆ. ಅಲ್ಲಿಗೆ ಹೋದಾಗ ಸಮುದ್ರ ನೋಡುವುದರ ಜೊತೆಗೆ ಒಮ್ಮೆ ಬಗ್ಗಿ ಗೋಡೆಯನ್ನೂ ನೋಡಿ. ಒಂದೊಂದು ಕಲ್ಲನ್ನೂ ಪಕ್ಕದ ಕಲ್ಲಿಗೆ ಹೊಂದುವಂತೆ ಕಡಿದು ಕೂರಿಸಿದ್ದಾರೆ. ನೀರು ಇಳಿದ ಹೊತ್ತಲ್ಲಿ ಕೆಳಗಿನ ಕಲ್ಲುಗಳಿಗೆ ಚಿಪ್ಪುಜೀವಿಗಳು ಅಂಟಿಕೊಂಡಿರುವುದು ಕಾಣುತ್ತದೆ. ಅಲ್ಲಿಯವರೆಗೆ ಭರತದ ನೀರು ಏರುತ್ತದೆ ಅಂತ ಲೆಕ್ಕ. ಇಲ್ಲಿ ದೊಡ್ಡ ಭರತ ಇಳಿತದ ದಿನಗಳಲ್ಲಿ ನೀರಿನ ಮಟ್ಟ ನಾಲ್ಕೈದು ಮೀಟರ್ ಹೆಚ್ಚುಕಡಿಮೆ ಆಗುತ್ತದೆ.

ನಡೆಯುವವರಿಗೂ ಸೈಕಲ್ಲಿನವರಿಗೂ ಬೇರೆ ಬೇರೆ ಪಟ್ಟಿ ಇದೆ. ನಡೆಯುವವರು ಯಾವ ಕಡೆಗಾದರೂ ಹೋಗಬಹುದು. ಸೈಕಲ್ ಮಾತ್ರ ಪಾರ್ಕಿಗೆ ಅಪ್ರದಕ್ಷಿಣೆಯಾಗಿಯೇ ಬರಬೇಕು! ನಮ್ಮವರಿಗೆ ಇದು ಸ್ವಲ್ಪ ಮುಜುಗರ ಅನ್ನಿಸಿದರೂ ನಿಯಮ ನಿಯಮವೇ. ಪಾರ್ಕಿನ ಹತ್ತಿರದ ಡೆನ್ಮನ್ ರಸ್ತೆಯಲ್ಲಿ ಬಾಡಿಗೆ ಸೈಕಲ್ ಸಿಗುತ್ತವೆ. ಹೆಲ್ಮೆಟ್ ಹಾಕಬೇಕು ಅಂತ ಕಾನೂನೇ ಇದೆ. ಪೂರ್ತಿ ಸುತ್ತು ಕಷ್ಟ ಅನ್ನಿಸುವ ಹಿರಿಯರು ಇಂಗ್ಲಿಷ್ ಬೇ ಕಡೆಯಿಂದ ಸ್ವಲ್ಪ ದೂರ ನಡೆದು ವಾಪಸ್ ಬಂದರೂ ಸಾಕು. ದಾರಿ ಸಮತಟ್ಟು, ಅಲ್ಲಲ್ಲಿ ಬೆಂಚು. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತು ಗಂಟೆಯ ಮೇಲೆ. ಊಟ ಮಾಡಿಕೊಂಡೇ ಹೋಗಬಹುದು.

ಒಂದು ಎಚ್ಚರಿಕೆ. ಪಾರ್ಕಿನಲ್ಲಿ ರಕೂನ್, ಅಳಿಲು ಕೈಚಾಚಿಕೊಂಡು ಬರುತ್ತವೆ. ಪಾಪ ಅನ್ನಿಸುತ್ತದೆ. ಆದರೂ ತಿನ್ನಲು ಏನೂ ಕೊಡಬೇಡಿ. 2020ರ ಕೊನೆಯಿಂದ 2021ರವರೆಗೆ ಅಲ್ಲಿನ ಕಯೋಟಿಗಳು, ಅಂದರೆ ನರಿ ತೋಳದ ಜಾತಿಯ ಪ್ರಾಣಿಗಳು, ನಲವತ್ತಕ್ಕೂ ಹೆಚ್ಚು ಜನರನ್ನು ಕಚ್ಚಿದವು. ಜನ ತಿಂಡಿ ಹಾಕಿ ಹಾಕಿ ಅವುಗಳಿಗೆ ಮನುಷ್ಯರ ಭಯವೇ ಹೋಗಿತ್ತು. ರಾತ್ರಿ ಹೊತ್ತು ಪಾರ್ಕನ್ನೇ ಮುಚ್ಚಬೇಕಾಯಿತು.

ಈಗ ನೀರು ದಾಟಿ ಬೆಟ್ಟದ ಬುಡಕ್ಕೆ ಹೋಗೋಣ. ನಗರದ ಮಧ್ಯದ ವಾಟರ್‌ಫ್ರಂಟ್ ಸ್ಟೇಷನ್ನಿನಿಂದ ಸೀಬಸ್ ಎಂಬ ದೋಣಿ ಹೊರಡುತ್ತದೆ. ಇದು ಪ್ರವಾಸಿಗರ ವಿಹಾರ ದೋಣಿ ಅಲ್ಲ, ಆಫೀಸಿಗೆ ಹೋಗುವವರ ದೋಣಿ. ಬಸ್ಸು ಮೆಟ್ರೋಗೆ ನಡೆಯುವ ಕಾರ್ಡೇ ಇದಕ್ಕೂ ನಡೆಯುತ್ತದೆ. ಹನ್ನೆರಡು ನಿಮಿಷದಲ್ಲಿ ಬಂದರು ದಾಟಿಸಿ ಲಾನ್ಸ್‌ಡೇಲ್ ಕೀ ಎಂಬಲ್ಲಿ ಬಿಡುತ್ತದೆ. ದೊಡ್ಡ ದುಡ್ಡು ಕೊಟ್ಟು ಬಂದರು ಸುತ್ತುವುದಕ್ಕಿಂತ ಸುಮ್ನೆ ಇದರಲ್ಲಿ ಹೋಗಿಬಂದರೆ ಸಾಕು ಅಂತ ನನ್ನ ಅಭಿಪ್ರಾಯ. ಹಿಂದಿನ ಕಿಟಕಿ ಹತ್ತಿರ ಕೂತರೆ ನಗರ ಪೂರ್ತಿ ಕಾಣುತ್ತದೆ.

ಅಲ್ಲಿಂದ ಬಸ್ಸು. 228 ಹತ್ತಿದರೆ ಲಿನ್ ವ್ಯಾಲಿ, 236 ಹತ್ತಿದರೆ ಗ್ರೌಸ್ ಬೆಟ್ಟದ ಬುಡ. ಎರಡೂ ದಾರಿಯಲ್ಲಿ ಒಂದೊಂದು ತೂಗುಸೇತುವೆ ಇದೆ. 236ರ ದಾರಿಯಲ್ಲಿರುವುದು ಕಪಿಲಾನೊ ತೂಗುಸೇತುವೆ. ಮೊದಲು ಕಟ್ಟಿದ್ದು 1889ರಲ್ಲಿ. ಈಗಿನದು 140 ಮೀಟರ್ ಉದ್ದ, ನದಿಯಿಂದ 70 ಮೀಟರ್ ಎತ್ತರ. ಖಾಸಗಿ ಜಾಗ, ದೊಡ್ಡವರ ಟಿಕೆಟ್ ಅರವತ್ತು ಡಾಲರ್ ದಾಟುತ್ತದೆ. ಇನ್ನೊಂದು ಲಿನ್ ಕ್ಯಾನಿಯನ್‌ನಲ್ಲಿದೆ, 1912ರದು, ಸುಮಾರು 50 ಮೀಟರ್ ಎತ್ತರ. ಅದಕ್ಕೆ ಟಿಕೆಟ್ ಇಲ್ಲ. ಕಪಿಲಾನೊದಲ್ಲಿ ಮರದಿಂದ ಮರಕ್ಕೆ ಕಟ್ಟಿದ ಸಣ್ಣ ಸೇತುವೆಗಳಿವೆ, ಮೊಮ್ಮಕ್ಕಳಿದ್ದರೆ ಖುಷಿಪಡುತ್ತಾರೆ. ಆದರೆ ಮನೆಮಂದಿಯೆಲ್ಲ ಹೋಗುವುದಾದರೆ ಲೆಕ್ಕ ಹಾಕಿ ನೋಡಿ. ನನ್ನ ಓಟು ಲಿನ್‌ಗೆ. ಸೇತುವೆ ದಾಟಿದ ಮೇಲೆ ಕಾಡಿನ ದಾರಿಗಳು ಎಷ್ಟು ದೂರ ಬೇಕಾದರೂ ಹೋಗುತ್ತವೆ.

ಲಿನ್ ಕ್ಯಾನಿಯನ್ ಹೊಳೆಯಲ್ಲಿ ಹಸಿರು ನೀರಿನ ಮಡುಗಳಿವೆ. ಬೇಸಿಗೆಯಲ್ಲಿ ಹುಡುಗರು ಬಂಡೆ ಮೇಲಿಂದ ಹಾರುತ್ತಾರೆ. ಹಾರಿ ಸತ್ತವರಿದ್ದಾರೆ. ಬೇಲಿ, ಬೋರ್ಡು ಎಲ್ಲ ಇದೆ. ನೀರು ಬೆಟ್ಟದ ಮೇಲಿಂದ ಬರುವುದು. ಮೈ ಸುಡುವ ಬಿಸಿಲಿದ್ದರೂ ಅದರ ಚಳಿಗೆ ಉಸಿರೇ ಹಿಡಿದುಕೊಳ್ಳುತ್ತದೆ. ಕಾಲು ಇಳಿಬಿಟ್ಟು ಕೂರುವುದಷ್ಟೇ ಸಾಕು.

236ರ ದಾರಿಯಲ್ಲಿ ಇನ್ನೊಂದು ಜಾಗ ಇದೆ, ಬಸ್ಸಿಂದ ಇಳಿದು ಸ್ವಲ್ಪ ನಡೆಯಬೇಕು. ಅಲ್ಲೂ ಟಿಕೆಟ್ ಇಲ್ಲ. ಕಪಿಲಾನೊ ನದಿಯ ಸಾಲ್ಮನ್ ಮೀನಿನ ಮರಿ ಮಾಡಿಸುವ ಕೇಂದ್ರ. ನಗರಕ್ಕೆ ಕುಡಿಯುವ ನೀರಿಗಾಗಿ 1954ರಲ್ಲಿ ಕ್ಲೀವ್‌ಲ್ಯಾಂಡ್ ಅಣೆಕಟ್ಟು ಕಟ್ಟಿದರು. ಸಮುದ್ರದಿಂದ ಮೊಟ್ಟೆ ಇಡಲು ಬರುವ ಮೀನಿಗೆ ದಾರಿ ಬಂದ್ ಆಯಿತು. ಅದಕ್ಕೇ 1971ರಲ್ಲಿ ಈ ಕೇಂದ್ರ ಬಂತು. ನದಿಯಿಂದ ಮೀನು ಹತ್ತಿ ಬರಲು ನೀರಿನ ಮೆಟ್ಟಿಲು ಮಾಡಿದ್ದಾರೆ, ಪಕ್ಕದಲ್ಲಿ ಗಾಜು. ಶರತ್ಕಾಲದಲ್ಲಿ ಗಾಜಿನ ಮುಂದೆ ನಿಂತರೆ ತೋಳುದ್ದದ ಮೀನು ನಮ್ಮ ಮುಖದ ಎದುರಿಗೇ ಇರುತ್ತದೆ. ರಭಸದ ನೀರಿಗೆ ಮುಖ ಕೊಟ್ಟು, ಬಾಲ ಆಡಿಸುತ್ತಾ, ಇದ್ದಲ್ಲೇ ಇರುತ್ತದೆ. ಇದ್ದಕ್ಕಿದ್ದಂತೆ ಒಂದು ಜಿಗಿತಕ್ಕೆ ಮೇಲಿನ ಮೆಟ್ಟಿಲಿಗೆ ಹೋಗುತ್ತದೆ, ಇಲ್ಲವೇ ಹಿಂದಕ್ಕೆ ಬಿದ್ದು ಮತ್ತೆ ಸಾಲಿಗೆ ಸೇರುತ್ತದೆ. ಗಂಡು ಮೀನಿನ ಮೂತಿ ಕೊಕ್ಕೆಯಂತೆ ಬಾಗಿರುತ್ತದೆ. ಸಿಹಿನೀರಿಗೆ ಬಂದ ಮೇಲೆ ಇವು ಏನೂ ತಿನ್ನುವುದಿಲ್ಲ. ಮೈಯಲ್ಲಿದ್ದ ಕೊಬ್ಬು ಕರಗಿಸಿಕೊಂಡೇ ಇಷ್ಟೆಲ್ಲ ಮಾಡುತ್ತವೆ.

ಬಸ್ಸಿನ ಕೊನೆಯ ಸ್ಟಾಪು ಗ್ರೌಸ್ ಬೆಟ್ಟ. ಮೇಲೆ ಹೋಗಲು ರೋಪ್‌ವೇ ಇದೆ, ಮಂಡಿ ನೋವಿದ್ದವರಿಗೆ ಅದೇ ಸರಿ. ಹುಡುಗರಿಗೆ ಗ್ರೌಸ್ ಗ್ರೈಂಡ್ ಎಂಬ ನಡೆದು ಹತ್ತುವ ದಾರಿ. ಉದ್ದ ಬರೀ ಎರಡೂವರೆ ಕಿಲೋಮೀಟರ್. ಆದರೆ ಅಷ್ಟರಲ್ಲಿ 800 ಮೀಟರ್ ಎತ್ತರ ಏರಬೇಕು, 2,830 ಮೆಟ್ಟಿಲು. ಕಾಲು ಭಾಗ ಮುಗಿದಾಗ ಒಂದು ಬೋರ್ಡ್ ಸಿಗುತ್ತದೆ. ಇಲ್ಲಿಗೇ ಸುಸ್ತಾಗಿದ್ದರೆ ತಿರುಗಿ ಹೋಗುವುದು ಒಳ್ಳೆಯದು, ಮುಂದೆ ಇನ್ನೂ ಕಷ್ಟ ಅಂತ. ಆ ಬೋರ್ಡನ್ನು ಗಂಭೀರವಾಗಿ ತೆಗೆದುಕೊಳ್ಳಿ. ಮೇಲೆ ಹೋದವರು ಅದೇ ದಾರಿಯಲ್ಲಿ ನಡೆದು ಇಳಿಯುವಂತಿಲ್ಲ, ರೋಪ್‌ವೇಯಲ್ಲಿ ಇಳಿಯಬೇಕು, ಅದಕ್ಕೆ ದುಡ್ಡು ಕೊಡಬೇಕು. ಜೇಬು ಖಾಲಿ ಇಟ್ಟುಕೊಂಡು ಹತ್ತಬೇಡಿ. ಚಳಿಗಾಲದಲ್ಲಿ ದಾರಿ ಮುಚ್ಚಿರುತ್ತದೆ.

ಈಗ ಹತ್ತಿರ ಇರುವುದರ ಅಪಾಯದ ಮಾತಿಗೆ ಬರುತ್ತೇನೆ. ಗ್ರೌಸ್, ಸೈಪ್ರೆಸ್, ಸೀಮೋರ್ ಈ ಮೂರೂ ಬೆಟ್ಟಗಳಿಂದ ರಾತ್ರಿ ನಗರದ ದೀಪ ಕಾಣುತ್ತದೆ. ದಾರಿ ತಪ್ಪಿದವನಿಗೆ ಏನನ್ನಿಸುತ್ತದೆ? ಊರು ಅಗೋ ಕೆಳಗೇ ಇದೆ, ನೇರ ಇಳಿದುಬಿಡೋಣ ಅಂತ. ಇಲ್ಲಿ ಅದೇ ದೊಡ್ಡ ಬಲೆ. ಇಳಿಜಾರು ಮೊದಲು ಸುಲಭ ಅನ್ನಿಸುತ್ತದೆ. ಹೋಗ್ತಾ ಹೋಗ್ತಾ ಕಡಿದಾದ ಹಳ್ಳಕ್ಕೆ ಸೇರುತ್ತದೆ. ಕಲ್ಲು ಜಾರುತ್ತದೆ. ಮುಂದೆ ಜಲಪಾತವೋ ಗೋಡೆಯಂಥ ಬಂಡೆಯೋ ಬರುತ್ತದೆ. ಇಳಿಯಲು ಆಗುವುದಿಲ್ಲ, ಇಳಿದು ಬಂದದ್ದನ್ನು ಮತ್ತೆ ಹತ್ತಲೂ ಆಗುವುದಿಲ್ಲ. ಅಂಥ ಕಣಿವೆಗಳಲ್ಲಿ ಫೋನು ಸಿಗ್ನಲ್ಲೂ ಇರುವುದಿಲ್ಲ. ದೀಪ ಮಾತ್ರ ಹೊಳೆಯುತ್ತಲೇ ಇರುತ್ತದೆ.

ಇಂಥವರನ್ನು ಹುಡುಕಿ ತರುವುದು ನಾರ್ತ್ ಶೋರ್ ರೆಸ್ಕ್ಯೂ ಎಂಬ ತಂಡ. 1965ರಿಂದ ಇದೆ. ಎಲ್ಲರೂ ಸ್ವಯಂಸೇವಕರು, ಬೇರೆ ಕೆಲಸ ಮಾಡಿಕೊಂಡೇ ಇದಕ್ಕೆ ಬರುವವರು. ಕಾಪಾಡಿದ್ದಕ್ಕೆ ಹಣ ಕೇಳುವುದಿಲ್ಲ. ಬಿಲ್ಲಿಗೆ ಹೆದರಿ ಜನ ತಡಮಾಡಬಾರದು ಅಂತ. ಕಷ್ಟಕ್ಕೆ ಸಿಕ್ಕಿದರೆ 911ಕ್ಕೆ ಫೋನ್ ಮಾಡಿ, ಇದ್ದಲ್ಲೇ ಇರಿ. ಹೊರಡುವಾಗ ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಮನೆಯಲ್ಲಿ ಹೇಳಿ ಹೋಗಿ. ಹಣೆಗೆ ಕಟ್ಟುವ ಟಾರ್ಚು, ಮಳೆ ಜಾಕೆಟ್ಟು, ಸ್ವಲ್ಪ ಜಾಸ್ತಿ ತಿಂಡಿ ಇರಲಿ. ಮೊಬೈಲಿನ ಟಾರ್ಚು ಲೆಕ್ಕಕ್ಕಿಲ್ಲ, ಅದರ ಬ್ಯಾಟರಿ ಫೋನ್ ಮಾಡಲು ಬೇಕು. ಡಿಸೆಂಬರಿನಲ್ಲಿ ಸಂಜೆ ನಾಲ್ಕೂಕಾಲಕ್ಕೆ ಸೂರ್ಯ ಮುಳುಗಿರುತ್ತಾನೆ, ಕಾಡಿನೊಳಗೆ ಅದಕ್ಕೂ ಮೊದಲೇ ಕತ್ತಲೆ.

ಜೂನ್ ತಿಂಗಳಲ್ಲಿ ಕೆಳಗೆ ಜನ ಚಡ್ಡಿ ಬನಿಯನ್ನಿನಲ್ಲಿ ಬೀಚಿನಲ್ಲಿರುತ್ತಾರೆ, ಸಾವಿರ ಮೀಟರ್ ಮೇಲಿನ ದಾರಿಗಳಲ್ಲಿ ಆಗಲೂ ಹಿಮ ಇರಬಹುದು. ಮಳೆಯೂ ಹಾಗೇ. ಪೆಸಿಫಿಕ್ ಸಮುದ್ರದ ಮೋಡ ಬಂದು ಬೆಟ್ಟಕ್ಕೆ ತಾಗಿ ಅಲ್ಲೇ ಸುರಿಯುತ್ತದೆ, ನಮ್ಮ ಪಶ್ಚಿಮ ಘಟ್ಟದಲ್ಲಿ ಆಗುವ ಹಾಗೆಯೇ. ಊರಿಗಿಂತ ಬೆಟ್ಟದ ಬುಡದಲ್ಲಿ ಮಳೆ ಬಹಳ ಜಾಸ್ತಿ. ಓಡಾಟಕ್ಕೆ ಒಳ್ಳೆಯ ಕಾಲ ಜುಲೈನಿಂದ ಸೆಪ್ಟೆಂಬರ್. ನವೆಂಬರ್, ಡಿಸೆಂಬರ್ ಪೂರ್ತಿ ನೀರು.

ಕಾರು ಇದ್ದರೆ 99ನೇ ಹೆದ್ದಾರಿ ಹಿಡಿದು ಉತ್ತರಕ್ಕೆ ಹೋಗಬೇಕು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಹೌ ಸೌಂಡ್, ಅಂದರೆ ಬೆಟ್ಟಗಳ ನಡುವೆ ಒಳನುಗ್ಗಿದ ಸಮುದ್ರ. ಒಂದು ಗಂಟೆಯೊಳಗೆ ಸ್ಕ್ವಾಮಿಶ್ ಊರು. ಅದರ ಹತ್ತಿರ ರಸ್ತೆ ಪಕ್ಕದಲ್ಲೇ 335 ಮೀಟರ್ ಎತ್ತರದ ಶ್ಯಾನನ್ ಜಲಪಾತ. ಪಾರ್ಕಿಂಗಿನಿಂದ ಐದು ನಿಮಿಷದ ನಡಿಗೆ. ಅದಕ್ಕೆ ಅಂಟಿಕೊಂಡಂತೆ ಸ್ಟಾವಾಮಸ್ ಚೀಫ್ ಎಂಬ ಏಳುನೂರು ಮೀಟರ್ ಗ್ರಾನೈಟ್ ಬಂಡೆ. ಹಗ್ಗ ಕಟ್ಟಿಕೊಂಡು ನೆಟ್ಟಗೆ ಹತ್ತುವವರು ಗೋಡೆಯ ಮೇಲೆ ಚುಕ್ಕಿಗಳಂತೆ ಕಾಣುತ್ತಾರೆ. ಹಿಂಬದಿಯಿಂದ ನಡೆದು ಹತ್ತುವ ದಾರಿಯೂ ಇದೆ, ಮೇಲುಗಡೆ ಏಣಿ, ಸರಪಳಿ ಹಿಡಿದು ಹೋಗಬೇಕು. ಬಂಡೆ ಒದ್ದೆ ಇದ್ದ ದಿನ ಬೇಡ.

ಪಕ್ಕದಲ್ಲೇ 2014ರಲ್ಲಿ ಶುರುವಾದ ರೋಪ್‌ವೇ ಇದೆ. ಇದರದ್ದೊಂದು ವಿಚಿತ್ರ ಕತೆ. 2019ರಲ್ಲಿ ರಾತ್ರಿ ಹೊತ್ತು ಯಾರೋ ಅದರ ಉಕ್ಕಿನ ಹಗ್ಗವನ್ನೇ ಕತ್ತರಿಸಿದರು. ಹೊಸದು ಹಾಕಿದರು. 2020ರಲ್ಲಿ ಮತ್ತೆ ಕತ್ತರಿಸಿದರು! ಎರಡು ಸಲವೂ ಯಾರಿಗೂ ಏನೂ ಆಗಲಿಲ್ಲ. 2021ರಿಂದ ಮತ್ತೆ ನಡೆಯುತ್ತಿದೆ.

ಇನ್ನೂ ಮುಂದೆ ಹೋದರೆ ಗ್ಯಾರಿಬಾಲ್ಡಿ ಕೆರೆ, ಹೋಗಿಬರಲು ಸುಮಾರು 18 ಕಿಲೋಮೀಟರ್ ನಡಿಗೆ, ಪೂರ್ತಿ ದಿನ ಬೇಕು. ಹಿಮನದಿ ಅರೆದ ಕಲ್ಲಿನ ಹಿಟ್ಟು ನೀರಲ್ಲಿ ತೇಲುವುದರಿಂದ ಕೆರೆಗೆ ಪಚ್ಚೆ ನೀಲಿ ಬಣ್ಣ. ಜನ ಮುತ್ತುವ ದಿನಗಳಲ್ಲಿ ಮೊದಲೇ ಪಾಸ್ ಮಾಡಿಸಿಕೊಳ್ಳಬೇಕು. ದುಡ್ಡಿಲ್ಲ, ಆದರೆ ಪಾಸ್ ಇಲ್ಲದೆ ಬಿಡುವುದಿಲ್ಲ.

ಚಳಿಗಾಲದಲ್ಲಿ ಹೋದವರು ನಿರಾಸೆಪಡಬೇಕಿಲ್ಲ. ಸ್ಕ್ವಾಮಿಶ್ ಪಕ್ಕದ ಬ್ರ್ಯಾಕೆಂಡೇಲ್‌ಗೆ ನವೆಂಬರಿನಿಂದ ಫೆಬ್ರವರಿಯವರೆಗೆ ಬಿಳಿತಲೆಯ ಹದ್ದುಗಳು ಬರುತ್ತವೆ. ಮೊಟ್ಟೆ ಇಟ್ಟು ಸತ್ತ ಸಾಲ್ಮನ್ ನದಿಯ ದಡದಲ್ಲಿ ಬಿದ್ದಿರುತ್ತದೆ, ಅದೇ ಅವುಗಳ ಊಟ. 1994ರಲ್ಲಿ ಒಂದೇ ದಿನದ ಎಣಿಕೆಯಲ್ಲಿ 3,769 ಹದ್ದು ಸಿಕ್ಕಿದ್ದವು. ಈಗ ಅಷ್ಟೊಂದು ಬರುವುದಿಲ್ಲ, ಬಂದಷ್ಟನ್ನು ನೋಡುವುದೂ ಕಡಿಮೆಯೇನಲ್ಲ. ನದಿಯ ಈಚೆ ದಂಡೆಯ ಏರಿಯ ಮೇಲೆ ನಿಂತೇ ನೋಡಬೇಕು, ಆಚೆ ದಡಕ್ಕೆ ಹೋಗಿ ಅವುಗಳ ಊಟ ಕೆಡಿಸಬಾರದು. ಬೆಳಗ್ಗೆ ಬೇಗ ಹೋದರೆ ತಿನ್ನುವುದು, ಕಿತ್ತಾಡುವುದು ಕಾಣುತ್ತದೆ. ಮಧ್ಯಾಹ್ನದ ಮೇಲೆ ಸುಮ್ಮನೆ ಮರದಲ್ಲಿ ಕೂತಿರುತ್ತವೆ. ದುರ್ಬೀನು ತೆಗೆದುಕೊಂಡು ಹೋಗಿ. ಅಕ್ಟೋಬರ್‌ನಿಂದ ಮಾರ್ಚ್ ಕೊನೆಯವರೆಗೆ ಆ ಹೆದ್ದಾರಿಯಲ್ಲಿ ಕಾರಿಗೆ ಚಳಿಗಾಲದ ಟೈರ್ ಕಡ್ಡಾಯ. ಬಾಡಿಗೆ ಕಾರು ಆದರೆ ಕೀ ತೆಗೆದುಕೊಳ್ಳುವ ಮೊದಲೇ ಟೈರ್ ನೋಡಿಕೊಳ್ಳಿ.

ನಮಸ್ಕಾರ.