ಅನಿಸಿಕೆ ಬೇಡ, ಟ್ರಂಕು ತೆರೆಯಿರಿ: ವಸತಿ ಶಾಲೆಯ ಬೀಳ್ಕೊಡುಗೆ ಸಂಚಿಕೆಯ ಬಗ್ಗೆ

(ಶಿರಸಿಯಲ್ಲಿ ವಸತಿ ಶಾಲೆಗಳ ಶಿಕ್ಷಕರು, ವಾರ್ಡನ್ನರು ಮತ್ತು ಹತ್ತನೇ ತರಗತಿಯ ಮಕ್ಕಳಿಗಾಗಿ ಮಾಡಿದ ಉಪನ್ಯಾಸದ ಪಠ್ಯ)

ಗುರುಗಳೇ, ವಾರ್ಡನ್ ಅವರೇ, ಮಕ್ಕಳೇ, ಎಲ್ಲರಿಗೂ ನಮಸ್ಕಾರ.

ಯಾವುದೇ ವಸತಿ ಶಾಲೆಯ ಬೀಳ್ಕೊಡುಗೆ ಸಂಚಿಕೆ ತೆಗೆದು ನೋಡಿ. ‘ಅಳುತ್ತ ಬಂದೆವು, ಅಳುತ್ತಲೇ ಹೋಗುತ್ತಿದ್ದೇವೆ’ ಅನ್ನುವ ಸಾಲು ಇದ್ದೇ ಇರುತ್ತದೆ. ಗುರುಗಳು ಶಿಲ್ಪಿಗಳು, ನಾವು ಕಲ್ಲುಗಳು ಅನ್ನುವುದೂ ಇರುತ್ತದೆ. ಶಾಲೆಯ ಹೆಸರು ಅಳಿಸಿದರೆ ಅದು ಕಾರವಾರದ್ದೋ ಕಲಬುರಗಿಯದ್ದೋ ಗೊತ್ತಾಗುವುದಿಲ್ಲ. ತಪ್ಪು ಮಕ್ಕಳದ್ದಲ್ಲ. ಕಾರ್ಯಕ್ರಮಕ್ಕೆ ನಾಲ್ಕು ದಿನ ಇರುವಾಗ ಖಾಲಿ ಹಾಳೆ ಕೊಟ್ಟು ‘ನಿಮ್ಮ ಅನಿಸಿಕೆ ಬರೆಯಿರಿ’ ಅಂದರೆ ಇನ್ನೇನು ಬಂದೀತು? ನಾನು ಹೇಳಬೇಕಾದ್ದು ಇಷ್ಟೇ: ಮಕ್ಕಳ ಹತ್ತಿರ ಅನಿಸಿಕೆ ಕೇಳಬೇಡಿ, ವಸ್ತು ಕೇಳಿ, ಜಾಗ ಕೇಳಿ, ಹೊತ್ತು ಕೇಳಿ. ಅನಿಸಿಕೆ ಅದರ ಹಿಂದೆಯೇ ಬರುತ್ತದೆ.

ಮೊದಲು ಸಮಯದ ಲೆಕ್ಕ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚ್-ಏಪ್ರಿಲ್‌ಗೆ, ಪೂರ್ವಸಿದ್ಧತಾ ಪರೀಕ್ಷೆಗಳು ಅದಕ್ಕೂ ಮೊದಲು. ಜನವರಿ ಮುಗಿದ ಮೇಲೆ ಹತ್ತನೇ ತರಗತಿಯ ಮಕ್ಕಳ ಕೈಗೆ ಬೇರೆ ಕಾಗದ ಕೊಡುವುದು ಅನ್ಯಾಯ. ಹಾಗಾಗಿ ದೀಪಾವಳಿ ಮುಗಿಸಿ ಮಕ್ಕಳು ಮರಳಿದ ವಾರವೇ ಬರೆಸಲು ಶುರುಮಾಡಿ, ಡಿಸೆಂಬರಿನಲ್ಲಿ ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಣೆ) ಮಾಡಿಸಿ, ಜನವರಿ ಮೊದಲ ವಾರ ಪ್ರೂಫ್ ನೋಡಿ. ಶಿರಸಿಯವರಿಗೆ ಇನ್ನೊಂದು ಮಾತು. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. 2024ರಲ್ಲಿ ಮಾರ್ಚ್ ತಿಂಗಳಲ್ಲಿ ಬಂದಿತ್ತು. ಜಾತ್ರೆಯ ವರ್ಷ ಊರಿನ ಪ್ರೆಸ್ಸುಗಳಿಗೆ ಪೋಸ್ಟರು, ಆಮಂತ್ರಣ, ನಾಟಕದ ಕರಪತ್ರಗಳ ಕೆಲಸವೇ ಮುಗಿಯದು. ನಿಮ್ಮ ನೂರು ಪ್ರತಿಯ ಪುಸ್ತಕ ಮೂಲೆ ಸೇರುತ್ತದೆ. ಆ ವರ್ಷ ಒಂದು ತಿಂಗಳು ಮುಂಚೆ ಕೊಡಿ. ಅಂದ ಹಾಗೆ, ಆರರಿಂದ ಹತ್ತನೇ ತರಗತಿವರೆಗೆ ಇಲ್ಲಿ ಓದಿದ ಮಗುವಿಗೆ ಎರಡೋ ಮೂರೋ ಜಾತ್ರೆ ಸಿಕ್ಕಿರುತ್ತದೆ. ಹಾಸ್ಟೆಲ್ ಗೇಟಿನ ಒಳಗೇ ಉಳಿದು ಮೈಕಿನ ಸದ್ದು ಕೇಳಿದ ಜಾತ್ರೆಯ ಬಗ್ಗೆ ಬರೆಸಿ. ತೊಟ್ಟಿಲು ಹತ್ತಿದ ಜಾತ್ರೆಗಿಂತ ಅದು ಚೆನ್ನಾಗಿ ಬರುತ್ತದೆ.

ಬರೆಸುವ ಕ್ರಮ ಹೀಗಿರಲಿ. ಮಕ್ಕಳನ್ನು ಇಬ್ಬಿಬ್ಬರಾಗಿ ಕೂರಿಸಿ. ಒಬ್ಬರು ಹೇಳಲಿ, ಇನ್ನೊಬ್ಬರು ಬರೆದುಕೊಳ್ಳಲಿ, ಇಪ್ಪತ್ತು ನಿಮಿಷದ ನಂತರ ಅದಲು ಬದಲು. ಒಂದೇ ಕೋಣೆಯವರನ್ನು ಜೋಡಿ ಮಾಡಬೇಡಿ. ಇಬ್ಬರಿಗೂ ಗೊತ್ತಿರುವುದನ್ನು ಯಾರೂ ವಿವರಿಸುವುದಿಲ್ಲ, ‘ಆವತ್ತಿಂದು ಗೊತ್ತಲ್ಲ’ ಅಂದು ನಕ್ಕು ಮುಗಿಸುತ್ತಾರೆ. ಓದುವವರಿಗೆ ಆ ‘ಆವತ್ತು’ ಯಾವುದೆಂದು ತಿಳಿಯುವುದೇ ಇಲ್ಲ.

ಮೊದಲ ಪ್ರಶ್ನೆ ಟ್ರಂಕಿನದು. ಆರನೇ ತರಗತಿಯ ಮೊದಲ ದಿನ ಟ್ರಂಕಿನಲ್ಲಿ ಏನೇನಿತ್ತು, ಈಗ ಏನೇನಿದೆ? ಎರಡು ಪಟ್ಟಿ ಮಾಡಿಸಿ, ಅಕ್ಕಪಕ್ಕ ಇಡಿಸಿ. ಅಮ್ಮ ಕಟ್ಟಿಕೊಟ್ಟ ಅವಲಕ್ಕಿ ಡಬ್ಬಿ ಯಾವ ವರ್ಷ ಪಟ್ಟಿಯಿಂದ ಬಿಟ್ಟುಹೋಯಿತು, ಜಾಮಿಟ್ರಿ ಬಾಕ್ಸಿನ ಮುಚ್ಚಳದ ಮೇಲೆ ಯಾರ ಹೆಸರು ಕೊರೆದಿದೆ, ಬೀಗದ ಎರಡನೇ ಕೀಲಿ ಯಾರ ಹತ್ತಿರ ಇರುತ್ತಿತ್ತು? ಆ ಕೀಲಿ ಇಟ್ಟುಕೊಂಡವರೇ ಗೆಳೆಯರು, ಬೇರೆ ವಿವರಣೆ ಬೇಕಿಲ್ಲ. ಕರಾವಳಿಯ ಶಾಲೆಯಾದರೆ ಬೀಗವೇ ಒಂದು ಪುಟದಷ್ಟಿದೆ: ಉಪ್ಪುಗಾಳಿಗೆ ಕಿಲುಬು ಹಿಡಿದು ತಿರುಗದಾಗ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯೇ ಅದಕ್ಕೂ ಮದ್ದು.

ಆಮೇಲೆ ಮಳೆಗಾಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹಾಸ್ಟೆಲಿನಲ್ಲಿ ಐದು ಮಳೆಗಾಲ ಕಳೆದವರು ಬಟ್ಟೆ ಒಣಗಿಸುವುದರ ಬಗ್ಗೆಯೇ ಒಂದು ಪಠ್ಯಪುಸ್ತಕ ಬರೆಯಬಲ್ಲರು. ಮಂಚದಿಂದ ಕಿಟಕಿಗೆ ಕಟ್ಟಿದ ಹಗ್ಗ, ಫ್ಯಾನಿನ ಕೆಳಗಿನ ಜಾಗಕ್ಕೆ ಜಗಳ, ಕರೆಂಟು ಹೋದರೆ ಅಡುಗೆಮನೆಯ ಹಿಂಬದಿಯ ಬಿಸಿಗೋಡೆ. ಕರೆಂಟು ಬಂದ ಕೂಡಲೇ ಹಸಿ ಅಂಗಿಗೆ ಇಸ್ತ್ರಿ ಒತ್ತಿ ಕಾಲರು ಹಳದಿಯಾಗಿಸುವುದು. ಬೆಲ್ಟಿನ ಮೇಲೆ ಬಿಳಿ ಬೂಸ್ಟು, ಸಾಕ್ಸಿನೊಳಗೆ ಉಂಬಳ (ಜಿಗಣೆ). ಸೋಲಾರ್ ನೀರು ಆಷಾಢದಲ್ಲಿ ತಣ್ಣಗೇ ಬರುತ್ತದೆ, ಹಾಗಾದರೆ ಮೊದಲ ಬಕೆಟ್ ಯಾರದು? ಇಂಥ ಪ್ರಶ್ನೆ ಕೇಳಿದರೆ ಮಾತೇ ಆಡದ ಹುಡುಗನೂ ಅರ್ಧ ಪುಟ ಹೇಳುತ್ತಾನೆ.

ಊಟ ಮೂರನೆಯದು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಒಂದು ಪಂಕ್ತಿಯಲ್ಲಿ ಅಂಕೋಲೆ, ಕುಮಟೆಯ ಮಗು ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು ಉಂಡು ಬಂದಿರುತ್ತದೆ. ಮುಂಡಗೋಡ, ಹಳಿಯಾಳ ಕಡೆಯ ಮಗುವಿಗೆ ರೊಟ್ಟಿ ಬೇಕು. ಸಿದ್ದಾಪುರದ್ದು ತಂಬುಳಿ ಹುಡುಕುತ್ತದೆ. ಎಲ್ಲರ ತಟ್ಟೆಗೂ ಬೀಳುವುದು ಅದೇ ಬಿಳಿ ಅನ್ನ, ಅದೇ ಸಾಂಬಾರು. ಮೊದಲ ತಿಂಗಳು ಯಾರು ಏನು ಬಿಟ್ಟರು, ರಜೆ ಮುಗಿಸಿ ಬರುವಾಗ ಅಪ್ಪೆಮಿಡಿ ಉಪ್ಪಿನಕಾಯಿಯ ಜಾಡಿಯೂ ಒಣಶೆಟ್ಲಿ (ಒಣ ಸೀಗಡಿ) ಚಟ್ನಿಯ ಡಬ್ಬಿಯೂ ಒಂದೇ ಕಪಾಟಿನಲ್ಲಿ ಹೇಗೆ ಇದ್ದವು, ಯಾರು ಮೂಗು ಮುಚ್ಚಿಕೊಂಡರು, ಯಾರು ಕದ್ದು ರುಚಿ ನೋಡಿದರು? ಜಾತಿಯ ಬಗ್ಗೆ ಪ್ರಬಂಧ ಬರೆಸುವುದಕ್ಕಿಂತ ಇದು ಹೆಚ್ಚು ಹೇಳುತ್ತದೆ.

ಭಾಷೆಯನ್ನೂ ಸವರಿ ನುಣುಪು ಮಾಡಬೇಡಿ. ಹಾಲಕ್ಕಿ ಕೇರಿಯ, ಸಿದ್ದಿ ಕೇರಿಯ, ಜೋಯಿಡಾದ ಕುಣಬಿ ಮನೆಯ, ಹವ್ಯಕರ ಮನೆಯ ಮಕ್ಕಳು ಮನೆಯಲ್ಲಿ ಆಡುವ ಮಾತು ಬೇರೆ ಬೇರೆ. ಅವರ ಬರಹದಲ್ಲಿ ಅಮ್ಮನೋ ಅಜ್ಜಿಯೋ ಮಾತಾಡಿದರೆ ಅವರ ಮನೆಮಾತಿನಲ್ಲೇ ಇರಲಿ, ಪಕ್ಕದಲ್ಲಿ ಅರ್ಥ ಕೊಟ್ಟರೆ ಸಾಕು. ಕಾಗುಣಿತ ತಿದ್ದಿ, ಮಾತು ತಿದ್ದಬೇಡಿ.

ಮುಂಡಗೋಡ ತಾಲ್ಲೂಕಿನ ನವೋದಯದಂಥ ಕಡೆ ಇನ್ನೊಂದು ಗಣಿ ಇದೆ. ಒಂಬತ್ತನೇ ತರಗತಿಯಲ್ಲಿ ಒಂದಷ್ಟು ಮಕ್ಕಳು ವಿನಿಮಯದ ಮೇಲೆ ಹಿಂದಿ ಪ್ರದೇಶದ ನವೋದಯಕ್ಕೆ ಒಂದು ವರ್ಷ ಹೋಗುತ್ತಾರೆ, ಅಲ್ಲಿಯವರು ಇಲ್ಲಿಗೆ ಬರುತ್ತಾರೆ. ಹೋದವರ ಬರಹ ಎಲ್ಲ ಸಂಚಿಕೆಯಲ್ಲೂ ಇರುತ್ತದೆ. ಬಂದಿದ್ದವರ ಬರಹ ಇರುವುದು ಅಪರೂಪ. ಅವರಿಗೆ ಪತ್ರ ಬರೆದು ತರಿಸಿ, ಹಿಂದಿಯಲ್ಲಿ ಬಂದರೆ ಕನ್ನಡಕ್ಕೆ ತನ್ನಿ.

ಅಡುಗೆಯವರು, ಕಾವಲುಗಾರರು, ಸ್ವಚ್ಛತೆಯವರು. ಇವರ ಹೆಸರು ಕೊನೆಯ ಪುಟದಲ್ಲಿ ‘ಸಿಬ್ಬಂದಿ ವರ್ಗ’ ಅನ್ನುವ ಸಾಲಿಗೆ ಸೇರಿ ಮುಗಿಯುತ್ತದೆ. ಹಾಗಾಗಬಾರದು. ಇಬ್ಬರು ಮಕ್ಕಳನ್ನು ಬೆಳಿಗ್ಗೆ ಅಡುಗೆಮನೆಗೆ ಕಳಿಸಿ, ಲೆಕ್ಕ ಕೇಳಿಸಿ. ತಲೆಗೆ 100 ಗ್ರಾಂ ಅಕ್ಕಿಯೆಂದರೂ 250 ಮಕ್ಕಳಿಗೆ ಒಂದು ಹೊತ್ತಿಗೆ 25 ಕಿಲೋ. ಅದನ್ನು ತೊಳೆಯುವವರು ಯಾರು, ಬಸಿಯುವವರು ಯಾರು, ಪರೀಕ್ಷೆಯ ದಿನ ಎಷ್ಟು ಉಳಿಯುತ್ತದೆ, ಜ್ವರ ಬಂದವರಿಗೆ ಗಂಜಿ ಯಾವ ಪಾತ್ರೆಯಲ್ಲಿ? ಯಾವ ಮಗು ಯಾವಾಗ ಊಟ ಬಿಟ್ಟಿತೆಂದು ವಾರ್ಡನ್ನರಿಗಿಂತ ಮೊದಲು ತಿಳಿಯುವುದು ಬಡಿಸುವವರಿಗೆ.

ಈಗ ಸ್ವಲ್ಪ ಕಷ್ಟದ ಮಾತು. ನಿಜ ಬರೆಯಿರಿ ಅಂದ ಮೇಲೆ ದೂರೂ ಬರುತ್ತದೆ. ಬಾತ್‌ರೂಮಿನ ಚಿಲಕ ಎರಡು ವರ್ಷ ಸರಿಯಿರಲಿಲ್ಲ ಅಂತ ಬರೆದರೆ ಅಚ್ಚು ಹಾಕಿ, ಶಾಲೆಯ ಮಾನ ಹೋಗುವುದಿಲ್ಲ. ಅಡ್ಡಹೆಸರುಗಳು ಬಂದರೆ ಆ ಮಗುವನ್ನೇ ಪ್ರತ್ಯೇಕವಾಗಿ ಕೇಳಿ. ಜಾತಿ, ಬಣ್ಣ, ಅಂಗವೈಕಲ್ಯದ ಮೇಲಿಟ್ಟ ಹೆಸರಾದರೆ ಕೇಳುವುದೂ ಬೇಡ, ತೆಗೆಯಿರಿ. ಆದರೆ ಯಾರೋ ಮೈಮುಟ್ಟಿದ, ಹಿಂಸೆ ಕೊಟ್ಟ ಸಂಗತಿ ಬರಹದಲ್ಲಿ ಕಂಡರೆ ಅದು ಸಂಚಿಕೆಯ ವಿಷಯವೇ ಅಲ್ಲ. ಆ ಹಾಳೆಯನ್ನು ಸಂಪಾದಕ ಮಂಡಳಿಯ ಮಕ್ಕಳ ಕೈಗೆ ಕೊಡಬೇಡಿ, ಹಾಳೆ ಹರಿಯಲೂಬೇಡಿ. ಲೈಂಗಿಕ ಕಿರುಕುಳವಾದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ‘ಪರೀಕ್ಷೆ ಮುಗಿಯಲಿ’ ಅನ್ನುವ ಹಾಗಿಲ್ಲ. ಮಕ್ಕಳ ಸಹಾಯವಾಣಿ 1098. ಈ ಸಂಖ್ಯೆಯನ್ನು ಸಂಚಿಕೆಯ ಹಿಂಬದಿಯ ರಕ್ಷಾಪುಟದಲ್ಲೂ ಹಾಕಿ. ನಿಮ್ಮ ತಮ್ಮ ತಂಗಿಯರು ಓದುತ್ತಾರೆ.

ಇನ್ನು ಅಚ್ಚಿನ ಕೆಲಸ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಲ್ಲಿ ಸಾಮಾನ್ಯವಾಗಿ ತರಗತಿಗೆ 50 ಮಕ್ಕಳು. ಎ4 ಹಾಳೆ ಮಡಚಿದ ಎ5 ಅಳತೆ ಸಾಕು. ಒಬ್ಬರಿಗೆ ಒಂದು ಪುಟ. 12 ಪಾಯಿಂಟ್ ಅಕ್ಷರದಲ್ಲಿ ಚಿಕ್ಕ ಫೋಟೋ ಜೊತೆ 150 ಪದ ಹಿಡಿಯುತ್ತದೆ. 50 ಪುಟ ಮಕ್ಕಳಿಗೆ, 14 ಪುಟ ಉಳಿದದ್ದಕ್ಕೆ, ಒಟ್ಟು 64. ಮಡಚಿದ ಒಂದು ಹಾಳೆಗೆ ನಾಲ್ಕು ಪುಟವಾದ್ದರಿಂದ ಒಟ್ಟು ಪುಟ ನಾಲ್ಕರಿಂದ ಭಾಗವಾಗಬೇಕು. 66 ಮಾಡಿದರೆ ಎರಡು ಪುಟ ಖಾಲಿ ಬೀಳುತ್ತದೆ, ಅಲ್ಲಿ ಯಾರದೋ ಶುಭಾಶಯದ ಫೋಟೋ ಬಂದು ಕೂರುತ್ತದೆ. ಕಾಗದದ ದಪ್ಪ ಒಳಪುಟಕ್ಕೆ 80 ಜಿಎಸ್‌ಎಂ, ರಕ್ಷಾಪುಟಕ್ಕೆ 250 ಜಿಎಸ್‌ಎಂ, ನಡುವೆ ಎರಡು ಪಿನ್ನು. ನೂರು ಪ್ರತಿಗೆ ಡಿಜಿಟಲ್ ಮುದ್ರಣವೇ ಅಗ್ಗ. ಐನೂರು ದಾಟಿದರೆ ಆಫ್‌ಸೆಟ್ ದರವನ್ನೂ ಕೇಳಿ.

ಹೆಚ್ಚು ಕೆಡುವುದು ಅಕ್ಷರದಲ್ಲಿ. ಶಿಕ್ಷಕರು ಮೊಬೈಲಿನಲ್ಲಿ ಟೈಪ್ ಮಾಡುವುದು ಯೂನಿಕೋಡ್, ಅಂದರೆ ಎಲ್ಲ ಸಾಧನಗಳಲ್ಲೂ ನಡೆಯುವ ಅಕ್ಷರ ಸಂಕೇತ. ಡಿಟಿಪಿ ಅಂಗಡಿಯವರು ಪೇಜ್‌ಮೇಕರಿನಲ್ಲಿ ನುಡಿ, ಶ್ರೀಲಿಪಿ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಅಕ್ಷರ ಬಳಸುತ್ತಿದ್ದರೆ ಪರಿವರ್ತನೆ ಆಗಬೇಕು, ಅಲ್ಲಿ ಒತ್ತಕ್ಷರ ಜಾರುತ್ತದೆ. ‘ಹಾಸ್ಟೆಲ್‌ನಲ್ಲಿ’ ಅನ್ನುವುದು ‘ಹಾಸ್ಟೆಲ್ನಲ್ಲಿ’ ಆಗುತ್ತದೆ, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹೋಗಿ ಕೂರುತ್ತದೆ. ಎಲ್ಲ ಬರಹ ಕೊಡುವ ಮೊದಲು ಒಂದೇ ಪುಟ ಪರಿವರ್ತಿಸಿ, ಅಚ್ಚು ಹಾಕಿಸಿ ನೋಡಿ. ಪ್ರೂಫಿಗೆ ಇಬ್ಬರು ಬೇಕು: ಒಬ್ಬರು ಮೂಲವನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅಚ್ಚಿನ ಮೇಲೆ ಬೆರಳಿಡಬೇಕು. ಹೆಸರುಗಳನ್ನು ಮಾತ್ರ ಹಾಜರಿ ಪುಸ್ತಕದ ಜೊತೆ ಹೋಲಿಸಿ. ಮಗು ಬರೆದದ್ದು ಹೇಗಿದ್ದರೂ ಹೆಸರು ತಪ್ಪಿದ ಪುಟವನ್ನು ಆ ಮನೆಯವರು ಮರೆಯುವುದಿಲ್ಲ.

ಫೋಟೋಗಳನ್ನು ವಾಟ್ಸ್ಯಾಪಿನಲ್ಲಿ ಡಾಕ್ಯುಮೆಂಟಾಗಿ ಕಳಿಸಿ. ಹಾಗೇ ಕಳಿಸಿದರೆ ಕುಗ್ಗಿ, ಅಚ್ಚಿನಲ್ಲಿ ಮುಖ ಮಸುಕಾಗುತ್ತದೆ. ಗುಂಪು ಫೋಟೋ ಬೆಳಿಗ್ಗೆ ಒಂಬತ್ತರ ಒಳಗೆ ತೆಗೆಸಿ, ಬಿಸಿಲು ನೆತ್ತಿಗೆ ಬಂದರೆ ಕಣ್ಣಿನ ಕೆಳಗೆ ಕಪ್ಪು ಬೀಳುತ್ತದೆ. ನಾಲ್ಕು ಸಾಲು ಮಾಡಿ. ಮಕ್ಕಳು ಚದುರುವ ಮುನ್ನವೇ, ನೋಡುವವರ ಎಡದಿಂದ, ಸಾಲುಸಾಲಾಗಿ ಹೆಸರು ಬರೆದುಕೊಳ್ಳಿ. ನಾಳೆ ಬರೆಯೋಣ ಅಂದವರು ಬರೆದದ್ದಿಲ್ಲ. ಊರು, ತಾಲ್ಲೂಕು ಸಾಕು, ಫೋನ್ ನಂಬರು ಅಚ್ಚು ಹಾಕಬೇಡಿ. ಅದು ಆಟೋಗ್ರಾಫ್ ಪುಸ್ತಕದಲ್ಲಿ ಕೈಯಿಂದ ಕೈಗೆ ಹೋಗಲಿ.

ಪ್ರತಿಗಳಲ್ಲಿ ಎರಡನ್ನು ಗ್ರಂಥಾಲಯದ ದಾಖಲಾತಿ ಪುಸ್ತಕಕ್ಕೆ ಏರಿಸಿ, ನಂಬರು ಹಾಕಿ ಇಡಿ. ಹಾಗೆ ಮಾಡದೆ ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಇಟ್ಟದ್ದು ಅವರ ವರ್ಗಾವಣೆಯ ಜೊತೆ ಹೋಗುತ್ತದೆ. ಪಿಡಿಎಫ್ ಫೈಲನ್ನು ಡಿಟಿಪಿ ಅಂಗಡಿಯಿಂದ ಬಿಲ್ಲು ಕೊಡುವ ದಿನವೇ ಕೇಳಿ ಪಡೆಯಿರಿ. ಮಕ್ಕಳು ಕೈಯಲ್ಲಿ ಬರೆದ ಹಾಳೆಗಳನ್ನು ರದ್ದಿಗೆ ಹಾಕದೆ ವರ್ಷ ಬರೆದ ಒಂದು ಫೈಲಿಗೆ ಸೇರಿಸಿ, ಕಪಾಟಿನ ಕೆಳಗಿನ ಖಾನೆಯಲ್ಲಿ ಬೇಡ, ಮಳೆಗಾಲಕ್ಕೆ ಗೆದ್ದಲು ಮೊದಲು ಹತ್ತುವುದು ಅಲ್ಲಿಗೇ.

ಡಿಟಿಪಿ ಬಗ್ಗೆ ಪ್ರಶ್ನೆ ಇದ್ದವರು ನಿಮ್ಮ ಹಳೆಯ ಸಂಚಿಕೆ ಹಿಡಿದುಕೊಂಡು ಮುಂದೆ ಬನ್ನಿ, ಪುಟ ತೆರೆದೇ ನೋಡೋಣ.