ಆಸಿಡ್ ಕ್ಯಾನಿನ ರೇಟು

ನಮಸ್ಕಾರ. ರಬ್ಬರ್ ತೋಟ ಇರುವವರ ಮನೆ ಹಿಂದೆ, ಶೀಟ್ ಮಾಡುವ ರೋಲರ್ ಪಕ್ಕದಲ್ಲಿ, 35 ಕೆಜಿಯ ಪ್ಲಾಸ್ಟಿಕ್ ಕ್ಯಾನು ಒಂದು ಇರುತ್ತದಲ್ವಾ? ಮುಚ್ಚಳ ತೆಗೆದರೆ ಘಾಟು ಮೂಗಿಗೇ ಹೊಡೆಯುತ್ತದೆ. ಫಾರ್ಮಿಕ್ ಆಸಿಡ್. ನೀರಲ್ಲಿ ಬೆರೆಸಿ ರಬ್ಬರ್ ಹಾಲಿಗೆ ಹಾಕಿದರೆ ಹಾಲು ಗಟ್ಟಿಯಾಗುತ್ತದೆ. ಸುಳ್ಯ, ಪುತ್ತೂರು ಕಡೆಯ ಅಂಗಡಿಗಳಿಗೆ ಈ ಕ್ಯಾನು ಮಾರುವವನು ನಾನು.

ತುಂಬಾ ವರ್ಷ ನನಗೆ ಸಪ್ಲೈಯರ್ ಹೇಳಿದ್ದೇ ರೇಟು. "ಅಣ್ಣಾ, ಹೊರಗಡೆಯೇ ಏರಿದೆ, ನಾವೇನು ಮಾಡೋಣ" ಅಂದರೆ ಸುಮ್ನೆ ಹಣ ಕಳಿಸುತ್ತಿದ್ದೆ. ಹೊರಗಡೆ ಅಂದರೆ ಯಾವ ದೇಶದಲ್ಲಿ, ಎಷ್ಟು ಏರಿದೆ, ಒಂದು ದಿನವೂ ಕೇಳಲಿಲ್ಲ.

ಕೇಳಬಹುದಿತ್ತು. ಹಡಗಿನಲ್ಲಿ ಬರುವ ಪ್ರತಿಯೊಂದು ಸರಕಿಗೂ ಎಂಟು ಅಂಕಿಯ ಎಚ್‌ಎಸ್ ಕೋಡ್, ಅಂದರೆ ಸರಕು ಯಾವುದು ಅಂತ ಗುರುತಿಸುವ ನಂಬರ್, ಇದೆ. ಮೊದಲ ಆರು ಅಂಕಿ ಪ್ರಪಂಚಕ್ಕೆಲ್ಲ ಒಂದೇ, ಕೊನೆಯ ಎರಡು ನಮ್ಮ ದೇಶದ್ದು. ಫಾರ್ಮಿಕ್ ಆಸಿಡ್‌ನದು 29151100. ಕೇಂದ್ರ ವಾಣಿಜ್ಯ ಸಚಿವಾಲಯದ ಟ್ರೇಡ್‌ಸ್ಟ್ಯಾಟ್ ಜಾಲತಾಣದಲ್ಲಿ ಈ ನಂಬರ್ ಹಾಕಿದರೆ ಯಾವ ದೇಶದಿಂದ ಎಷ್ಟು ಮಾಲು ಬಂತು, ಅದರ ಬೆಲೆ ಎಷ್ಟು ಅಂತ ತಿಂಗಳುವಾರು ಸಿಗುತ್ತದೆ. ಪುಕ್ಕಟೆ. ಬೆಲೆಯನ್ನು ತೂಕದಿಂದ ಭಾಗಿಸಿ, ಅಷ್ಟೇ. ಅಂಕಿ ಲಕ್ಷದಲ್ಲಿದೆಯಾ ಸಾವಿರದಲ್ಲಿದೆಯಾ ಅಂತ ಸರಿಯಾಗಿ ನೋಡಿಕೊಳ್ಳಿ, ಮೊದಲ ಸಲ ನನಗೆ ಕೆಜಿಗೆ ಆರು ಸಾವಿರ ರೂಪಾಯಿ ಬಂದಿತ್ತು!

ಒಂದು ಲೆಕ್ಕ ಹೇಳುತ್ತೇನೆ, ಅಂಕಿ ಸುಮ್ನೆ ಇಟ್ಟುಕೊಂಡದ್ದು. ಬಂದರಿಗೆ ಬರುವಾಗ ಕೆಜಿಗೆ 60 ರೂಪಾಯಿ ಅಂದುಕೊಳ್ಳಿ. ಅದರ ಮೇಲೆ ಶೇಕಡಾ 7.5 ಸುಂಕ, ಆ ಸುಂಕದ ಮೇಲೆ ಶೇಕಡಾ 10 ಸರ್‌ಚಾರ್ಜ್, ಒಟ್ಟು 65ರ ಹತ್ತಿರ. ಜಿಎಸ್‌ಟಿ ಹಿಡಿದಿಲ್ಲ, ಅದು ಆಮೇಲೆ ಕಟ್ಟುವ ತೆರಿಗೆಯಲ್ಲಿ ಕ್ರೆಡಿಟ್ ಆಗಿ ವಾಪಸು ಬರುತ್ತದೆ. ಇನ್ನು ಕ್ಯಾನು, ಲಾರಿ ಬಾಡಿಗೆ, ಸಪ್ಲೈಯರ್ ಲಾಭ. ಅವರು 90 ಹೇಳಿದರೆ ನಡುವಿನ 25 ರೂಪಾಯಿ ಎಲ್ಲಿ ಹೋಯಿತು ಅಂತ ಕೇಳಬಹುದು. ಕೇಳಿದೆ ಕೂಡ. ಫೋನಿನಲ್ಲಿ ಸ್ವಲ್ಪ ಹೊತ್ತು ಮಾತೇ ಇಲ್ಲ, ಆಮೇಲೆ "ನೋಡೋಣ, ನಾಳೆ ಹೇಳುತ್ತೇನೆ" ಅಂದರು.

ಆದರೆ ಈ ಅಂಕಿ ಪೂರ್ತಿ ನಂಬುವಂಥದ್ದಲ್ಲ. 85 ಪರ್ಸೆಂಟ್ ಆಸಿಡ್, 99 ಪರ್ಸೆಂಟ್ ಆಸಿಡ್ ಎರಡೂ ಒಂದೇ ಕೋಡಿನಲ್ಲಿ ಬರುತ್ತವೆ, ಸರಾಸರಿಯಲ್ಲಿ ಎರಡೂ ಕಲಸಿಹೋಗುತ್ತವೆ. 'ಇತರೆ' ಅಂತ ಇರುವ ಕೋಡುಗಳಂತೂ ಸಂತೆ ಚೀಲ, ಅವುಗಳ ಸರಾಸರಿಗೆ ಅರ್ಥವೇ ಇಲ್ಲ. ಅಂಕಿ ಬರುವುದೂ ತಡ, ಅಷ್ಟರಲ್ಲಿ ಆ ಮಾಲು ಯಾರದೋ ಗೋಡೌನ್ ಸೇರಿರುತ್ತದೆ. ಇವತ್ತಿನ ರೇಟು ಅದರಲ್ಲಿ ಸಿಗುವುದಿಲ್ಲ, ಏರುತ್ತಿದೆಯಾ ಇಳಿಯುತ್ತಿದೆಯಾ ಅನ್ನುವುದು ಮಾತ್ರ ಗೊತ್ತಾಗುತ್ತದೆ.

ಇನ್ನೊಂದು ವಿಷಯ. ಯಾವ ಕಂಪನಿ ಯಾರಿಂದ ಎಷ್ಟಕ್ಕೆ ತರಿಸಿತು ಅಂತ ಬಿಲ್ ಸಮೇತ ಕೊಡುತ್ತೇವೆ ಅಂತ ಕೆಲವರು ಫೋನ್ ಮಾಡುತ್ತಾರೆ. ಆಸೆ ಆಗುತ್ತದೆ, ನಿಜ. ಆದರೆ 2022ರಲ್ಲಿ ಕಸ್ಟಮ್ಸ್ ಕಾಯ್ದೆಗೆ 135ಎಎ ಅನ್ನುವ ಸೆಕ್ಷನ್ ಸೇರಿದೆ. ಕಸ್ಟಮ್ಸ್‌ಗೆ ಕೊಟ್ಟ ಇಂಥ ಬೆಲೆ, ತೂಕದ ವಿವರವನ್ನು ಕಾನೂನಿನ ಪ್ರಕಾರ ಪ್ರಕಟಿಸಲೇಬೇಕಾದ ಸಂದರ್ಭ ಬಿಟ್ಟು ಬೇರೆ ಪ್ರಕಟಿಸಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 50,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನಾನಂತೂ ಫೋನ್ ಇಟ್ಟುಬಿಡುತ್ತೇನೆ. ಸರ್ಕಾರದ ಒಟ್ಟು ಅಂಕಿಯೇ ನನಗೆ ಧಾರಾಳ ಸಾಕು.

ಈ ಸಲ ಮೂರು ತಿಂಗಳಿಂದ ಸರಾಸರಿ ಇಳಿಯುತ್ತಿತ್ತು, ನಿಂತು ನೋಡಿ, ಮತ್ತೆ ಏರಲು ಶುರುವಾದ ಕೂಡಲೇ ಒಂದು ಲೋಡ್ ಕೊಂಡೆ. ರೇಟಿನ ಲೆಕ್ಕ ಸರಿಯಾಯಿತು. ಮಳೆ ಮಾತ್ರ ಬಿಡಲಿಲ್ಲ, ಮರದಿಂದ ಹಾಲು ತೆಗೆಯುವ ಟ್ಯಾಪಿಂಗ್ ನಿಂತಿದೆ, ಕ್ಯಾನುಗಳೆಲ್ಲ ಗೋಡೌನಿನಲ್ಲೇ ಕೂತಿವೆ.